ಎಡಗಡೆಯ ಗಲ್ಲಿ

ಶುಕ್ರವಾರ, ಬೆಳಿಗ್ಗೆ

ರೀ,

ಇದನ್ನು ಕಂಡ ಕೂಡಲೇ ಹರಿದು ಬಿಸಾಡಬೇಡಿ. ಹರಿಯಲೇಬೇಕೆಂದರೆ ಓದಿ ಹರಿಯಿರಿ. ಫೋನ್ ಮಾಡಿದರೆ ನನ್ನ ಹೆಸರು ನೋಡಿ ಕತ್ತರಿಸುತ್ತೀರಿ. ಮಗಳ ಬಾಯಲ್ಲಿ ಹೇಳಿಕಳಿಸಿದರೆ ನಕ್ಕು ಮಾತು ಮರೆಸಿ ವಾಪಸು ಕಳಿಸುತ್ತೀರಿ. ಕಾಗದಕ್ಕೆ ನೀವು ಎದುರು ಮಾತಾಡಲಾರಿರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಕೊನೆಯ ಮಾತು ಯಾವಾಗಲೂ ನನ್ನದೇ ಆಗಬೇಕು ಎಂದು ಹಂಗಿಸುತ್ತಿದ್ದಿರಲ್ಲ, ಆಗಲಿ, ಈ ಸಲವೂ ಹಾಗೇ ಅಂದುಕೊಳ್ಳಿ.

ಸುತ್ತಿ ಬಳಸಿ ಹೇಳುವುದಿಲ್ಲ. ಹೋದ ಭಾನುವಾರ ನನ್ನ ಚೆಂಡು ನಿಮ್ಮ ಎಡಗೆನ್ನೆಗೆ ಬಡಿಯಿತು. ಬೇಕೆಂದೇ ಹೊಡೆದಳು ಎಂದು ಎಲ್ಲರೂ ಅಂದರು. ಹೌದು, ಬೇಕೆಂದೇ ಹೊಡೆದೆ. ಆದರೆ ಸಿಟ್ಟಿನಿಂದ ಅಲ್ಲ. ನಿಮ್ಮ ಎಡಗಡೆಯ ನೋಟ ಹೋಗಿದೆ, ರೀ. ಮಾವನವರಿಗೆ ಹೋದ ಹಾಗೆಯೇ ಹೋಗಿದೆ. ನೀವು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಅವರು ಹೂಂ ಅನ್ನುವವರೆಗೆ ಬಸ್ಸಿನ ಸ್ಟಿಯರಿಂಗ್ ಮುಟ್ಟಬಾರದು. ವಿಷಯ ಇಷ್ಟೇ. ಇಷ್ಟಕ್ಕೇ ನೀವು ಒಪ್ಪುವವರಲ್ಲ ಎಂದು ಗೊತ್ತಿರುವುದರಿಂದ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನಾನೀಗ ಒಂದು ಕಚೇರಿಯ ಹೊರಗೆ, ವರಾಂಡದ ಬೆಂಚಿನ ಮೇಲೆ ಕೂತಿದ್ದೇನೆ. ಸ್ವಂತ ಕೆಲಸ, ರಜೆ ಹಾಕಿ ಬಂದೆ. ಸಾಹೇಬರು ಯಾವುದೋ ಮೀಟಿಂಗಿನಲ್ಲಿದ್ದಾರಂತೆ. ನನ್ನ ಅವಸ್ಥೆ ನೋಡಿ: ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು, ದವಡೆ ಹಿಡಿದುಕೊಂಡು ಬಂದವರಿಗೆಲ್ಲ "ಏನೂ ಆಗೋಲ್ಲ, ಕೂತ್ಕೊಳ್ಳಿ, ಈಗ ಕರೀತಾರೆ" ಎನ್ನುವುದೇ ನನ್ನ ಉದ್ಯೋಗ. ಇವತ್ತು ಅದೇ ಮಾತನ್ನು ಇಲ್ಲಿನ ಗುಮಾಸ್ತರು ನನಗೆ ಹೇಳಿದರು. ಕೇಳಿದವರಿಗೆ ಅದರಿಂದ ಎಳ್ಳಷ್ಟೂ ಧೈರ್ಯ ಬರುವುದಿಲ್ಲ ಎಂದು ಇಷ್ಟು ವರ್ಷಕ್ಕೆ ಗೊತ್ತಾಯಿತು. ಬೆಂಚಿಗೆ ಒರಗಿದವರ ತಲೆಯ ಎಣ್ಣೆಯಿಂದ ಗೋಡೆ ಕಪ್ಪಾಗಿದೆ. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುತ್ತಿದೆ. ಕಾಗದ ಹಾರದಂತೆ ಅಂಚಿಗೆ ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ. ಮುಗಿಸಿ ಸಂಜೆಯೊಳಗೆ ಅಂಚೆಗೆ ಹಾಕುತ್ತೇನೆ.

ಈ ಪತ್ರವನ್ನು ನೀವು ಕಣ್ಣಿನ ಡಾಕ್ಟರಿಗೇ ಓದಲು ಕೊಟ್ಟರೆ ಇನ್ನೂ ಒಳ್ಳೆಯದು. ಅವರಿಗೆ ಟೆನ್ನಿಸ್ ಗೊತ್ತಿರಬೇಕೆಂದೇನಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೇಸರಪಡಬೇಡಿ.

ನಮ್ಮ ಕೋರ್ಟು ಇರುವುದು ನೀರಿನ ಟ್ಯಾಂಕಿನ ಹಿಂದೆ. ಸಿಮೆಂಟಿನ ನೆಲ, ಮೂಲೆಯಲ್ಲಿ ಬಿರುಕು, ಬಿರುಕಿನಲ್ಲಿ ಹುಲ್ಲು. ಭಾನುವಾರ ಬೆಳಿಗ್ಗೆ ಅಲ್ಲಿ ಸೇರುವವರು ಬೇಕರಿಯವರು, ವಕೀಲಮ್ಮ, ನಾವು ಎಲ್ಲ ಸೇರಿ ನಾಲ್ಕು ಜೋಡಿ. ಕಲಿಸುವವರನ್ನು ನಾವು ಮೇಷ್ಟ್ರು ಅನ್ನುತ್ತೇವೆ. ಜೋಡಿ ಆಟಕ್ಕೆ ಅವರು ಮಾಡಿಸುವ ಅಭ್ಯಾಸ ಹೀಗೆ. ಒಂದು ಜೋಡಿ ನೆಟ್‌ಗೆ ಹತ್ತಿರ ನಿಲ್ಲಬೇಕು, ಆಚೆ ಕಡೆ ಇನ್ನೊಂದು ಜೋಡಿ ಹಿಂದಿನ ಗೆರೆಯಲ್ಲಿ. ಮೇಷ್ಟ್ರು ಬದಿಯಲ್ಲಿ ಚೆಂಡಿನ ಬುಟ್ಟಿ ಇಟ್ಟುಕೊಂಡು ಹಿಂದಿನವರಿಗೆ ಒಂದೊಂದೇ ಚೆಂಡು ಕೊಡುತ್ತಾರೆ. ಅದನ್ನು ನೆಟ್‌ ಮುಂದಿನವರ ರ‍್ಯಾಕೆಟ್ಟಿಗೆ ಸಿಗದ ಹಾಗೆ ದಾಟಿಸಬೇಕು. ಅದೇ ಪಾಸಿಂಗ್ ಶಾಟ್. ಮೇಷ್ಟ್ರ ಪ್ರಕಾರ ದಾಟಿಸುವುದಕ್ಕೆ ದಾರಿ ಮೂರೇ: ಗಲ್ಲಿ, ನಡು, ಮಾಡು. ಗಲ್ಲಿ ಅಂದರೆ ಪಕ್ಕದ ಗೆರೆಗುಂಟ ಇರುವ ಇಕ್ಕಟ್ಟಿನ ಜಾಗ; ನಡು ಅಂದರೆ ಇಬ್ಬರ ಮಧ್ಯೆ; ಮಾಡು ಅಂದರೆ ಮನೆಯ ಸೂರಿನ ಹಾಗೆ ಇಬ್ಬರ ತಲೆಯ ಮೇಲಿಂದ. ಮಾಡು ಮಾಡು ಎಂದು ಅವರು ಕೂಗಿದಾಗ ಹೊಸಬರು "ಏನ್ ಮಾಡ್ಲಿ ಸಾರ್" ಎಂದು ಕೇಳುತ್ತ ನಿಂತುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಸರದಿ ತಿರುಗುತ್ತದೆ. ಮುಂದಿದ್ದವರು ಹಿಂದಕ್ಕೆ, ಹಿಂದಿದ್ದವರು ನೆರಳಿಗೆ, ನೆರಳಲ್ಲಿದ್ದವರು ನೆಟ್‌ಗೆ.

ಆ ನೆಟ್‌ನ ಎಡಗಡೆ ನೀವು ನಿಂತರೆ ಎದುರಿನವರಿಗೆ ಗಲ್ಲಿಯೂ ಇಲ್ಲ, ನಡುವೂ ಇಲ್ಲ, ಮಾಡೂ ಇಲ್ಲ. ಬೇಕರಿಯವರು ನಿಮಗೆ ಗೋಡೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗೋಡೆಯ ಬಲಕ್ಕೆ ನಾನು. ಮದುವೆಯಾದ ಹೊಸತರಲ್ಲಿ ಹಾಗೆ ನಿಂತವರು ಮಗಳು ಕಾಲೇಜು ಸೇರುವವರೆಗೂ ಹಾಗೇ ನಿಂತೆವು.

ನಮ್ಮ ಮೊದಲ ತೊಂದರೆ ನಿಮಗೆ ನೆನಪಿರಬೇಕು. ನಡುವೆ ಬಂದ ಚೆಂಡಿಗೆ ಯಾರಾದರೊಬ್ಬರು ಕೂಗಬೇಕಲ್ಲ. ನಂದು ಎಂದು ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಅದು ನಿಂದು ಎಂದು ಕೇಳಿಸುತ್ತಿತ್ತು. ಗಾಳಿ ಇದ್ದರಂತೂ ಮುಗಿದೇಹೋಯಿತು. ಒಂದೋ ಇಬ್ಬರೂ ನುಗ್ಗಿ ರ‍್ಯಾಕೆಟ್ಟಿಗೆ ರ‍್ಯಾಕೆಟ್ಟು ತಾಗಿಸುತ್ತಿದ್ದೆವು, ಇಲ್ಲವೇ ಇಬ್ಬರೂ ದೊಡ್ಡಮನಸ್ಸು ಮಾಡಿ ನಿಂತು ಚೆಂಡು ಹೋಗುವುದನ್ನು ನೋಡುತ್ತಿದ್ದೆವು. ಸಾಲದ್ದಕ್ಕೆ ನಾನು ನಿಮ್ಮದು ಎಂದು ಬಹುವಚನ ಹಚ್ಚಿ ಮುಗಿಸುವಷ್ಟರಲ್ಲಿ ಚೆಂಡು ಹಿಂದಿನ ಬಲೆಗೆ ಹೋಗಿ ಮಲಗಿರುತ್ತಿತ್ತು. ಕೋರ್ಟಿನಲ್ಲಿ ಮರ್ಯಾದೆ ಬೇಡಮ್ಮಾ, ಮನೆಗೆ ಹೋಗಿ ಕೊಡು ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. ಕೊನೆಗೆ ಅವರೇ ಒಂದು ಮಾತು ಕಟ್ಟಿಕೊಟ್ಟರು: ನಂದೂ ಬೇಡ ನಿಂದೂ ಬೇಡ, ತಗೊಳ್ಳುವವರು ಬಿಡು ಅನ್ನಿ. ಬಿಡು ಅಂದರೆ ನೀನು ಕೈ ಎತ್ತಬೇಡ, ಇದು ನನ್ನ ಪಾಲಿನದು ಎಂದು ಅರ್ಥ. ನಾನು ಬಿಡಿ ಅಂದೆ, ಬಿಡು ಎನ್ನಲು ನಾಲಿಗೆ ಹೊರಳಲಿಲ್ಲ. ವಕೀಲಮ್ಮ ನೆರಳಿನಿಂದ, "ಬಿಡಿಯಾಗಿ ಕೊಡ್ತೀರೋ, ಇಡಿಯಾಗೇ ತಗೋಬೇಕೋ" ಎಂದು ಅಂಗಡಿಗೆ ಬಂದವರ ಹಾಗೆ ಕೇಳಿ ಎಲ್ಲರನ್ನೂ ನಗಿಸಿದರು. ನಕ್ಕರೂ ಆ ಮಾತು ನಮ್ಮನ್ನು ಕಾಪಾಡಿತು. ಆ ಮೇಲೆ ನಡುವಿನ ಚೆಂಡನ್ನು ನಾವು ಬಿಟ್ಟುಕೊಂಡದ್ದು ನನಗೆ ನೆನಪಿಲ್ಲ.

ಮನೆಯ ಕಥೆ ಬೇರೆ. ಕೋರ್ಟಿನಲ್ಲಿ ಹಾಲು ಸಕ್ಕರೆ, ಮನೆಯಲ್ಲಿ ಹಾವು ಮುಂಗುಸಿ. ಇದು ಹೇಗೆ ಎಂದು ಬೇಕರಿಯವರು ನನ್ನನ್ನೇ ಕೇಳಿದ್ದಾರೆ. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಮುಂದೆ ಬರೆಯುತ್ತೇನೆ.

ನೀವು ಮನೆ ಬಿಟ್ಟು ಟೈರಂಗಡಿಯ ಮೇಲಿನ ಕೋಣೆಗೆ ಹೋದ ಮೇಲೆ ಇಬ್ಬರಲ್ಲಿ ಒಬ್ಬರು ಭಾನುವಾರ ಬರುವುದನ್ನು ನಿಲ್ಲಿಸುತ್ತೇವೆ ಎಂದು ಎಲ್ಲರೂ ಕಾದರು. ನೀವು ಹಟ ಬಿಡಲಿಲ್ಲ, ನಾನೇನು ಕಡಿಮೆಯೇ. ಮೇಷ್ಟ್ರು ನನ್ನನ್ನು ಬೇಕರಿಯವರ ಜೊತೆಗೆ ಹಾಕಿದರು, ನಿಮ್ಮ ಬಲಕ್ಕೆ ವಕೀಲಮ್ಮ ಬಂದರು. ಸರದಿ ತಿರುಗುವಾಗ ನೀವು ನೆಟ್‌ನ ಎಡಗಡೆ, ನಾನು ಆಚೆ ಹಿಂದಿನ ಗೆರೆಯ ಬಲಗಡೆ, ಎದುರುಬದುರು. ನಾನು ನೇರ ಹೊಡೆದರೆ ಚೆಂಡು ನಿಮ್ಮ ಎಡಗಡೆಯ ಗಲ್ಲಿಗೆ.

ಮೊದಲ ಸಲ ನಿಮ್ಮನ್ನು ದಾಟಿಸಿದಾಗ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಹೊಟ್ಟೆಯೊಳಗಿನಿಂದ ಬಂದ ಖುಷಿ ಅದು. ಇಷ್ಟು ವರ್ಷ ಯಾರಿಗೂ ಬಗ್ಗದ ಗೋಡೆ ನನಗೆ ಬಗ್ಗಿತಲ್ಲ ಎಂದು ಮನೆಗೆ ಬಂದು ಮಗಳಿಗೆ ರ‍್ಯಾಕೆಟ್ ಬೀಸಿ ತೋರಿಸಿದೆ. ಅವಳು ನಗಲಿಲ್ಲ. ಮುಂದಿನ ವಾರವೂ ಗಲ್ಲಿಗೇ ಹೊಡೆದೆ, ಹೋಯಿತು. ಅದರ ಮುಂದಿನ ವಾರವೂ. ಬೇಕರಿಯವರು ಕುಣಿದಾಡಿದರು. ನನ್ನ ಹೊಡೆತ ಸುಧಾರಿಸಿದೆ ಎಂದು ಮೇಷ್ಟ್ರು ಬೆನ್ನು ತಟ್ಟಿದರು. ನನ್ನ ಹೊಡೆತ ನನಗೆ ಗೊತ್ತಿಲ್ಲವೇ? ಅದು ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ, ಸಂತೆಗೆ ಹೊರಟ ಎತ್ತಿನ ಹಾಗೆ. ನಡುವೆ ಹೊಡೆದ ಚೆಂಡು ಎಷ್ಟು ಜೋರಾಗಿ ಬಂದರೂ ನೀವು ಎಟುಕಿಸಿಕೊಳ್ಳುತ್ತಿದ್ದಿರಿ. ನೆತ್ತಿಯ ಮೇಲೆ ಹೋದದ್ದನ್ನೂ ಬಿಡುತ್ತಿರಲಿಲ್ಲ. ಎಡಗಡೆಯದು ಮಾತ್ರ ಹೋಗುತ್ತಿತ್ತು, ಹೋದ ಮೇಲೆ ಸದ್ದಿಗೆ ತಿರುಗಿ ನೋಡುತ್ತಿದ್ದಿರಿ.

ಒಂದು ಭಾನುವಾರ ಬೇಕೆಂದೇ ಮೆಲ್ಲಗೆ ಹೊಡೆದೆ. ಎರಡು ಸಲ ಪುಟಿದು ಹೋಗುವಂಥ ಚೆಂಡು, ಕೂಸು ಕೈ ಚಾಚಿದರೂ ಸಿಗುತ್ತಿತ್ತು. ನೀವು ಎದುರಿಗೆ ನೋಡುತ್ತ, ಮೊಣಕಾಲು ಬಾಗಿಸಿ, ರ‍್ಯಾಕೆಟ್ ಹಿಡಿದು, ಚೆನ್ನಾಗಿ ಸಿದ್ಧವಾಗಿ ನಿಂತೇ ಇದ್ದಿರಿ. ಚೆಂಡು ನಿಮ್ಮ ಮಗ್ಗುಲಲ್ಲೇ ಹೋಯಿತು. "ಗೋಡೆಗೆ ನಿದ್ದೆ ಬಂತೇನ್ರೋ" ಎಂದು ಮೇಷ್ಟ್ರು ಕೂಗಿದರು, ಎಲ್ಲರೂ ನಕ್ಕರು, ನೀವೂ ನಕ್ಕಿರಿ. ವಕೀಲಮ್ಮ ಅಡ್ಡ ಬಂದರು ಅಂದಿರಿ. ಅವರು ನಿಮ್ಮ ಬಲಕ್ಕಿದ್ದರು. ಗೋಡೆಗೂ ಕಿವಿ ಇದೆ ಎನ್ನುತ್ತಾರೆ, ಗೋಡೆಗೆ ಕಣ್ಣಿದೆ ಎಂದು ಯಾರೂ ಹೇಳಿಲ್ಲವಲ್ಲ ಎಂದು ನಾನೂ ಒಂದು ಜೋಕು ಸೇರಿಸಿದೆ. ಹೇಳಿ ಮುಗಿಸಿದವಳು ಮೇಷ್ಟ್ರು ಕೊಟ್ಟ ಮುಂದಿನ ಚೆಂಡನ್ನು ಹೊಡೆಯದೆ ಬಿಟ್ಟೆ.

ಏಕೆಂದರೆ ಮಾವನವರು ನೆನಪಾದರು. ಅವರೂ ಹೀಗೆಯೇ ಶುರುಮಾಡಿದ್ದು. ಬಾಗಿಲು ದಾಟುವಾಗೆಲ್ಲ ಚೌಕಟ್ಟಿಗೆ ಭುಜ ಬಡಿದುಕೊಂಡು, ಈ ಮನೆ ಕಟ್ಟಿದ ಮೇಸ್ತ್ರಿಗೆ ಬೈಯುತ್ತಿದ್ದರು. ಪೇಪರನ್ನು ಮಾತ್ರ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಎದುರಿಗಿರುವುದು ಕಡೆಯವರೆಗೂ ಕಾಣುತ್ತದೆ, ಬದಿಯಿಂದ ಕತ್ತಲೆ ಬರುತ್ತದೆ, ಬಂದದ್ದು ಗೊತ್ತಾಗುವುದೇ ಇಲ್ಲ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ನಾನಿದ್ದೆ. ನೀವು ಡ್ಯೂಟಿಯಲ್ಲಿದ್ದಿರಿ. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಮಕ್ಕಳನ್ನೂ ಕರೆತಂದು ತೋರಿಸಿ ಎಂದಿದ್ದರು. ನಿಮಗೆ ಹೇಳಿದೆ. ಡಿಪೋದಲ್ಲಿ ವರ್ಷ ವರ್ಷ ಕಣ್ಣು ಪರೀಕ್ಷೆ ಮಾಡುತ್ತಾರೆ ಎಂದಿರಿ. ಅಲ್ಲಿ ಮಾಡಿಸುವುದು ಎದುರಿನ ಹಲಗೆಯ ಮೇಲಿನ ಅಕ್ಷರ ಓದಿಸುವುದು. ಅದನ್ನು ಮಾವನವರೂ ಓದುತ್ತಿದ್ದರು. ಅವರಿಗೆ ಹನಿ ಹಾಕಿದ ಕೈ ಇದು, ರೀ. ಅವರು ತಲೆಯನ್ನು ಹೇಗೆ ಕೋಳಿಯ ಹಾಗೆ ಓರೆ ಮಾಡಿ ನೋಡುತ್ತಿದ್ದರೋ, ನೀವು ಸರದಿ ಮುಗಿಸಿ ನೆರಳಿಗೆ ನಡೆಯುವಾಗ ಹಾಗೇ ಓರೆ ಮಾಡುತ್ತೀರಿ.

ಈಗ ಮನೆಯ ಕಥೆ. ನಮ್ಮ ಊಟದ ಮೇಜಿನಲ್ಲಿ ನಾನು ಯಾವ ಕಡೆ ಕೂರುತ್ತಿದ್ದೆ ಹೇಳಿ. ನಿಮ್ಮ ಎಡಗಡೆ, ಒಲೆಗೆ ಹತ್ತಿರವಾಗಲಿ ಎಂದು. ಮಲಗುವುದೂ ಎಡಗಡೆ, ರಸ್ತೆಯಲ್ಲಿ ನಡೆಯುವುದೂ ಎಡಗಡೆ. ನಾನು ನೀರಿನ ಲೋಟ ಇಟ್ಟರೆ ನಿಮ್ಮ ಮೊಣಕೈ ತಾಗಿ ಬೀಳುತ್ತಿತ್ತು. ಲೋಟ ಇಡುವುದಕ್ಕೆ ಬೇರೆ ಜಾಗ ಇಲ್ಲವಾ ಎಂದು ನೀವು, ಕೈಗೆ ಸ್ವಲ್ಪ ಬುದ್ಧಿ ಇಲ್ಲವಾ ಎಂದು ನಾನು. ಮಾತಾಡಿಸಿದರೆ ತಿರುಗುತ್ತಿರಲಿಲ್ಲ. ಹೊಸ ಬಟ್ಟೆ ಹಾಕಿಕೊಂಡು ಪಕ್ಕದಲ್ಲೇ ನಿಂತರೂ ನೋಡುತ್ತಿರಲಿಲ್ಲ. ನಾನು ನಿಮ್ಮ ಕಣ್ಣಿಗೇ ಬೀಳೋದಿಲ್ಲ ಅಲ್ವಾ ಎಂದು ಎಷ್ಟು ಸಲ ಅತ್ತಿಲ್ಲ ನಾನು. ನನ್ನನ್ನು ಕಡೆಗಣಿಸುತ್ತೀರಿ ಎಂದು ನಿಮ್ಮ ಅಕ್ಕನ ಹತ್ತಿರ ದೂರು ಹೇಳಿದೆ. ನಿಮಗೆ ಕಡೆಗಣ್ಣೇ ಇರಲಿಲ್ಲ. ಕೋರ್ಟಿನಲ್ಲಿ ನಾನು ಬಲಗಡೆ ನಿಲ್ಲುತ್ತಿದ್ದೆ, ಕಾಣುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಆ ಕೊನೆಯ ದಿನದ್ದೂ ಹಾಗೇ. ಗಾಜಿನ ಹೂಜಿ ಬಿದ್ದು ನೆಲವೆಲ್ಲ ಚೂರಾಯಿತು. ನೀವು ಬಗ್ಗಿ ಆರಿಸಹೋದಿರಿ. ಬಿಡಿ ಅಂದೆ. ನಾನು ಅಂದದ್ದು ಕೋರ್ಟಿನ ಅರ್ಥದಲ್ಲಿ, ನೀವು ಕೈ ಹಾಕಬೇಡಿ, ನಾನು ತೆಗೆಯುತ್ತೇನೆ ಎಂದು. ನೀವು ಇನ್ನೊಂದು ಅರ್ಥ ಹಿಡಿದಿರಿ. ಎದ್ದು ನಿಂತು, ಆಯ್ತು ಬಿಟ್ಟೆ ಅಂದಿರಿ, ಬಟ್ಟೆ ತುಂಬಿಕೊಂಡಿರಿ. ನಿಜವಾಗಿ ತಪ್ಪು ತಿಳಿದಿರೋ, ತಿಳಿದ ಹಾಗೆ ಮಾಡಿದಿರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ತಿದ್ದಿ ಹೇಳಲಿಲ್ಲ. ಇಬ್ಬರಿಗೂ ಸಾಕಾಗಿತ್ತು.

ಇದನ್ನೆಲ್ಲ ಬರೆದು ನಿಮ್ಮನ್ನು ವಾಪಸು ಕರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಕಾರಣ ತಿಳಿದ ಮಾತ್ರಕ್ಕೆ ಒಡೆದ ಹಾಲು ಕೂಡುವುದಿಲ್ಲ. ಲೋಟ ಬಿದ್ದದ್ದು ಕಣ್ಣಿನಿಂದ ಎನ್ನೋಣ, ಲೋಟ ಬಿದ್ದಾಗ ನಾವು ಆಡಿದ ಮಾತುಗಳು ಕಣ್ಣಿನಿಂದ ಬಂದವಲ್ಲ. ಅವು ನಮ್ಮ ಬಾಯಿಂದಲೇ ಬಂದವು.

ಹೋದ ಭಾನುವಾರಕ್ಕೆ ಬರುತ್ತೇನೆ. ನನ್ನ ಅನುಮಾನ ತಪ್ಪಿರಲಿ ಎಂಬ ಒಂದೇ ಆಸೆಯಿಂದ ಆ ಚೆಂಡು ಹೊಡೆದೆ. ಗಲ್ಲಿಗೆ ಹೊಡೆದರೆ ನೀವು ಬೇಕೆಂದೇ ಬಿಟ್ಟಿರಿ ಎನ್ನಬಹುದು. ಮೈಮೇಲೆ ಬಂದರೆ ಯಾರೂ ಬೇಕೆಂದು ನಿಲ್ಲುವುದಿಲ್ಲ. ನಿಮ್ಮ ಎಡಭುಜಕ್ಕೆ ಗುರಿ ಇಟ್ಟೆ, ಗುರಿ ಸ್ವಲ್ಪ ಮೇಲಾಯಿತು. ಇನ್ನೇನು ಬಡಿಯುತ್ತದೆ ಎನ್ನುವಾಗ ನಾನು ನೋಡಿದ್ದು ಚೆಂಡನ್ನಲ್ಲ, ನಿಮ್ಮ ಮುಖವನ್ನು. ಕೂಸಿನ ಮುಖದ ಹತ್ತಿರ ಸುಮ್ಮನೆ ಕೈ ಆಡಿಸಿದರೂ ಕಣ್ಣು ಮುಚ್ಚಿಕೊಳ್ಳುತ್ತದೆ. ನೀವು ರೆಪ್ಪೆ ಮಿಟುಕಿಸಲಿಲ್ಲ.

ಆಮೇಲೆ ನಡೆದದ್ದು ನಿಮಗೂ ಗೊತ್ತು. ನೀವು ಕೆನ್ನೆ ಹಿಡಿದು ಕುಳಿತಿರಿ. ಬೇಕರಿಯವರು ಐಸು ತರಲು ಓಡಿದರು. ವಕೀಲಮ್ಮ ನನ್ನ ಕಡೆ ಬೆರಳು ಮಾಡಿ, ಮನೆ ಜಗಳ ಇಲ್ಲಿ ತರಬ್ಯಾಡ್ರೀ, ಕಣ್ಣಿಗೇನಾದ್ರೂ ಆಗಿದ್ರೆ ಎಂದರು. ಕಣ್ಣಿಗೇನಾದರೂ ಆಗಿದ್ದರೆ! ಮೇಷ್ಟ್ರು ಸ್ವಲ್ಪ ದಿನ ಬರಬೇಡ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ನಾನು ರ‍್ಯಾಕೆಟ್ ಚೀಲಕ್ಕೆ ಹಾಕಿ ಪಕ್ಕಕ್ಕೆ ನಿಂತೆ. ಅಲ್ಲಿ ಬಾಯಿ ಬಿಟ್ಟಿದ್ದರೆ ಸಂಜೆಯೊಳಗೆ ಸುದ್ದಿ ಡಿಪೋ ಮುಟ್ಟುತ್ತಿತ್ತು. ಮೊದಲು ನಿಮಗೆ ತಿಳಿಯಬೇಕು, ನೀವೇ ಹೋಗಿ ತೋರಿಸಿಕೊಳ್ಳಬೇಕು, ಮರ್ಯಾದೆಯಿಂದ ನೀವೇ ಬಸ್ಸು ಇಳಿಯಬೇಕು ಎಂದು ನನ್ನ ಆಸೆ. ಹೋಗುವಾಗ ನೀವು ನನ್ನನ್ನು ದಾಟಿಕೊಂಡೇ ಹೋದಿರಿ, ಮುಖ ತಿರುಗಿಸಿಕೊಂಡಿರಿ ಎಂದು ಉಳಿದವರು ಅಂದುಕೊಂಡರು. ನಾನು ನಿಮ್ಮ ಎಡಕ್ಕಿದ್ದೆ.

ಕಣ್ಣು ತೋರಿಸಿಕೊಳ್ಳಿ ಎಂದು ಹೇಳಲು ಸೋಮವಾರ ಮಗಳನ್ನು ಕಳಿಸಿದೆ. ಅವಳು ಅಳುತ್ತ ವಾಪಸು ಬಂದಳು. ನೀವು ಬೈದಿರಿ ಎಂದಲ್ಲ. ಬೈಯಲಿಲ್ಲವಂತೆ. ನಿಮ್ಮಮ್ಮನ ಹೊಡೆತ ಚೆನ್ನಾಗಿದೆ ಕಣೇ, ನನ್ನ ಕಣ್ಣಿಗೆ ದೃಷ್ಟಿ ತಾಗೀತು ಎಂದು ನಗೆಯಾಡಿ, ಅವಳಿಗೆ ಟೀ ಮಾಡಿಕೊಟ್ಟಿರಂತೆ. ಟೀ ಬಗ್ಗಿಸುವಾಗ ಅರ್ಧ ತಟ್ಟೆಗೆ ಹೋಯಿತಂತೆ, ಅವಳು ನೋಡಿ ನೋಡದ ಹಾಗೆ ಒರೆಸಿದಳಂತೆ. ಅಪ್ಪನಿಂದ ಬಸ್ ಕಿತ್ತುಕೊಂಡರೆ ಅಪ್ಪ ಉಳಿಯುತ್ತಾರಾ ಅಮ್ಮಾ ಎಂದು ನನ್ನನ್ನೇ ಕೇಳಿದಳು. ನಿಮ್ಮ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯಬೇಕಾಗಿಲ್ಲ ಎಂದು ಊರೇ ಹೇಳುತ್ತದೆ. ಬ್ರೇಕು ಒತ್ತಿದ್ದು ಗೊತ್ತಾಗದ ಹಾಗೆ ನಿಲ್ಲಿಸುತ್ತೀರಿ. ನಿದ್ದೆಯಲ್ಲೂ ಬಲಗಾಲು ಒತ್ತುತ್ತಿದ್ದವರು ನೀವು. ಆ ಕೆಲಸ ಇಲ್ಲದ ನಿಮ್ಮನ್ನು ನಾನೂ ಯೋಚಿಸಿ ನೋಡಿದೆ, ಟೈರಂಗಡಿಯ ಮೇಲಿನ ಆ ಕೋಣೆಯಲ್ಲಿ ಸುಮ್ಮನೆ ಕೂತ ನಿಮ್ಮನ್ನು. ನೋಡಲಾಗಲಿಲ್ಲ.

ಅದಕ್ಕೇ, ಬಸ್ಸಿನಲ್ಲಾದರೂ ನಿಮಗೆ ಎಡಗಡೆ ಕಾಣುತ್ತದೇನೋ ಎಂದು ನೋಡಲು ಬುಧವಾರ ನಿಮ್ಮ ಬಸ್ಸು ಹತ್ತಿದೆ. ನಿಮಗೆ ಇದು ಹೊಸ ಸುದ್ದಿ, ಅಲ್ಲವೇ? ಮುಖ ಮುಚ್ಚಿಕೊಳ್ಳಲಿಲ್ಲ, ಕಳ್ಳಿಯ ಹಾಗೆ ಬಗ್ಗಲಿಲ್ಲ. ಮುಂದಿನ ಬಾಗಿಲಲ್ಲಿ ಹತ್ತಿ, ನಿಮ್ಮ ಎಡಕ್ಕೆ, ಕೈ ಚಾಚಿದರೆ ನಿಮ್ಮ ಭುಜ ಸಿಗುವಷ್ಟು ಹತ್ತಿರ ನಿಂತೆ. ಕಂಡಕ್ಟರಣ್ಣ ನೋಡಿದರು. ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದರು.

ಆಗ ಅರ್ಥವಾಯಿತು. ಅವರು ಟಿಕೆಟ್ ಕೊಡಲು ಹಿಂದೆ ಹೋದರೂ ಪ್ರತಿ ತಿರುವಿಗೆ ಮುಂದಿನ ಬಾಗಿಲಿಗೆ ಓಡಿಬರುತ್ತಾರೆ. ತಲೆ ಹೊರಹಾಕಿ, ಬನ್ನಿ ಬನ್ನಿ, ಎಡ ಖಾಲಿ ಎನ್ನುತ್ತಾರೆ. ಎಷ್ಟು ಚುರುಕಿನ ಮನುಷ್ಯ ಎಂದು ಜನ ಹೊಗಳುತ್ತಾರೆ. ಗೋಡೆಗೆ ಅವರೊಂದು ಕಿಟಕಿ ಇಟ್ಟಿದ್ದಾರೆ. ಅಂದರೆ ಅವರಿಗೆ ಗೊತ್ತು, ನಿಮಗೂ ಗೊತ್ತು. ನನಗಿಂತ ಮೊದಲಿನಿಂದ ಗೊತ್ತು. ನಿಮಗೆ ತಿಳಿಸಬೇಕು ಎಂದು ನಾನು ಒದ್ದಾಡುತ್ತಿದ್ದೆನಲ್ಲ, ತಿಳಿಸುವುದಕ್ಕೆ ಏನೂ ಉಳಿದಿರಲಿಲ್ಲ. ಡಾಕ್ಟರಿಗೆ ತೋರಿಸಿದ್ದೀರೋ ಇಲ್ಲವೋ ಕಾಣೆ. ತೋರಿಸಿಕೊಂಡೂ ಓಡಿಸುತ್ತಿದ್ದೀರಿ ಎಂದರೆ ನನಗೆ ಕೇಳುವ ಧೈರ್ಯವಿಲ್ಲ.

ಆಸ್ಪತ್ರೆಯ ತಿರುವಿನಲ್ಲಿ ನಡೆದದ್ದನ್ನು ನಾನು ಬಾಗಿಲ ಗಾಜಿನಿಂದ ನೋಡಿದೆ. ಎಡಗಡೆ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಬರುತ್ತಿದ್ದಳು, ಹಿಂದೆ ಮಗುವಿನ ಶಾಲೆಚೀಲ ಕಟ್ಟಿಕೊಂಡಿದ್ದಳು. ಕಂಡಕ್ಟರಣ್ಣ "ಬಿಡಿ, ಬಿಡಿ" ಎಂದು ಕೂಗಿದರು. ಅವಳನ್ನು ಮುಂದೆ ಹೋಗಲು ಬಿಡಿ ಎಂದು ಅವರ ಅರ್ಥ. ಬಸ್ಸು ಬಿಡಿ ಎಂದು ನಿಮಗೆ ಕೇಳಿಸಿತು. ನೀವು ಬಿಟ್ಟಿರಿ. ನಾನು ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಸೈಕಲ್ಲು ಫುಟ್‌ಪಾತಿನ ಅಂಚಿಗೆ ಬಿತ್ತು, ಅವಳು ಅದರ ಮೇಲೆ. ದೇವರ ದಯೆ, ಮೊಣಕೈ ತರಚಿತು ಅಷ್ಟೇ. ಮಗು ಜೊತೆಯಲ್ಲಿರಲಿಲ್ಲ. ನೀವು ನಿಮ್ಮ ಬಾಗಿಲಿನಿಂದ ಇಳಿದು ಓಡಿ ಹೋಗಿ, ಸೈಕಲ್ಲಿನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ನೆಟ್ಟಗೆ ಮಾಡಿಕೊಟ್ಟಿರಿ. ತಪ್ಪಾಯ್ತು ತಾಯಿ ಅಂದಿರಿ. ಅವಳು "ಕಣ್ಣು ಕಾಣ್ಸಲ್ವಾ ನಿಂಗೆ" ಎಂದು ಕೇಳಿದಳು. ಎಲ್ಲರೂ ಎಲ್ಲರನ್ನೂ ಬೈಯುವ ಮಾತು ಅದು, ಬಸ್ಸಿನಲ್ಲಿದ್ದವರು ಕಿವಿಗೂ ಹಾಕಿಕೊಳ್ಳಲಿಲ್ಲ. ಕಂಡಕ್ಟರಣ್ಣ ನೆಲ ನೋಡಿದರು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದೆ. ನಿನ್ನೆ ಇಡೀ ದಿನ ಕ್ಲಿನಿಕ್ಕಿನಲ್ಲಿ ಯಾರಿಗೂ ಏನೂ ಆಗೋಲ್ಲ ಎಂದು ಹೇಳಲಾಗಲಿಲ್ಲ. ಕೂತ್ಕೊಳ್ಳಿ ಎಂದಷ್ಟೇ ಹೇಳಿದೆ.

ಕಂಡಕ್ಟರಣ್ಣನನ್ನು ನಾನು ಬೈಯುವುದಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇಷ್ಟು ವರ್ಷ ನಾನು ನಿಮ್ಮ ಬಲಕ್ಕೆ ನಿಂತು ಕೂಗಿದ ಹಾಗೆ ಅವರು ಎಡಕ್ಕೆ ನಿಂತು ಕೂಗುತ್ತಿದ್ದಾರೆ. ಆದರೆ ಒಂದು ಮಾತಿಗೆ ಎರಡು ಅರ್ಥ ಇರುವವರೆಗೆ ಆ ಕೂಗನ್ನು ನಂಬಿ ಬಸ್ಸು ಓಡಿಸಲಾಗದು. ನಮ್ಮಿಬ್ಬರಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಕೋರ್ಟಿನಲ್ಲಿ ತಪ್ಪು ಕೇಳಿಸಿದರೆ ಒಂದು ಪಾಯಿಂಟು ಹೋಗುತ್ತಿತ್ತು.

ನೀವೇ ಹೋಗಿ. ನಾಳೆಯೇ ಹೋಗಿ. ಹೋದರೆ ಏನು ಸಿಗುತ್ತದೆ ಎಂದು ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಒಳ್ಳೆಯ ಮಾತು ಒಂದೂ ಇಲ್ಲ. ಹೋದ ನೋಟ ಬರುವುದಿಲ್ಲ. ಡ್ರೈವರ್ ಕೆಲಸ ಉಳಿಯುವುದಿಲ್ಲ. ಭಾನುವಾರದ ನೆಟ್ ಮುಂದೆ ಮೇಷ್ಟ್ರು ನಿಮ್ಮನ್ನು ನಿಲ್ಲಿಸುವುದಿಲ್ಲ. ನಾನು ಬನ್ನಿ ಅನ್ನುವುದಿಲ್ಲ, ಅಂದರೂ ನೀವು ಬರುವವರಲ್ಲ. ಆ ಸೈಕಲ್ಲಿನವಳು ನಾಳೆಯೂ ಆಸ್ಪತ್ರೆ ತಿರುವಿನಲ್ಲಿ ಬರುತ್ತಾಳೆ. ಮಗುವನ್ನು ಕೂರಿಸಿಕೊಂಡು ಬಂದರೂ ಬರಬಹುದು. ನಾನು ಹೇಳಬಲ್ಲದ್ದು ಇಷ್ಟೇ.

ಈ ಸಾಲು ಬರೆಯುವ ಹೊತ್ತಿಗೆ ನಾನು ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಮಗಳೊಬ್ಬಳನ್ನು ಬಿಟ್ಟು. ಕೆನ್ನೆಯ ಬಾವು ಇಳಿಯಿತೇ? ಇಳಿಯದಿದ್ದರೆ ಐಸು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ, ನೇರ ಇಡಬೇಡಿ. ನೋವಾಗಿದ್ದಕ್ಕೆ ನನಗೂ ನೋವಿದೆ.

ಇಂತಿ,
ನಿಮ್ಮ ಬಲಗಡೆ ನಿಲ್ಲುತ್ತಿದ್ದವಳು

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಸಹಿ ಮಾಡಿ ಮಡಿಸುವಾಗಲೇ ಒಳಗೆ ಕರೆದರು. ಹೋಗಿ ಬಂದೆ. ಯಾವ ಕಚೇರಿ ಎಂದು ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ, ಏಕೆಂದರೆ ಇದು ನಿಮಗೆ ಸಿಗುವುದು ಡಿಪೋದ ಗೋಡೆಯಲ್ಲಿ, ಬಸ್ಸಿನ ಕೀಲಿ ತೂಗುಹಾಕುವ ನಿಮ್ಮ ಕೊಕ್ಕೆಯಲ್ಲಿ. ಗುಮಾಸ್ತರು ಸಿಕ್ಕಿಸುತ್ತೇನೆ ಎಂದಿದ್ದಾರೆ. ಎರಡು ಗಂಟೆ ಈ ಬೆಂಚಿನಲ್ಲಿ ಕೂತು ಬರೆದದ್ದು ಎದ್ದು ಮನೆಗೆ ಹೋಗಲು ಒಂದು ನೆಪ ಸಿಗಲಿ ಎಂದು. ಬುಧವಾರದ್ದನ್ನು ಬರೆದ ಮೇಲೆ ನೆಪ ಉಳಿಯಲಿಲ್ಲ. ಮ್ಯಾನೇಜರಿಗೆ ಮಾವನವರ ವಿಷಯ ಹೇಳಿದೆ, ಚೆಂಡಿನ ವಿಷಯ ಹೇಳಿದೆ, ಸೈಕಲ್ಲಿನ ವಿಷಯ ಹೇಳಿದೆ. ಕಂಡಕ್ಟರಣ್ಣನ ಮಾತೆತ್ತಲಿಲ್ಲ, ನೀವೂ ಎತ್ತಬೇಡಿ. ಮ್ಯಾನೇಜರು ಒಳ್ಳೆಯವರು, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡವರು, ಡ್ಯೂಟಿ ಪಟ್ಟಿಯನ್ನು ತಾವೇ ತೆಗೆದು ತಿದ್ದಿದರು. ಮಧ್ಯಾಹ್ನದ ಟ್ರಿಪ್ಪು ಇನ್ನು ನಿಮ್ಮದಲ್ಲ. ನೀವು ನನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ತಿಳಿದೇ ಮಾಡಿದೆ. ಇದು ನಂದು.

ಇದೋ, ನಿಮ್ಮ ಬಸ್ಸು ಗೇಟಿನೊಳಗೆ ತಿರುಗಿತು. ಒಳಗೆ ಬರುವವರಿಗೆ ನನ್ನ ಬೆಂಚು ಎಡಗಡೆಯೇ ಇದೆ. ಎದ್ದು ನಿಂತು ಕೈ ಎತ್ತಿದೆ. ನೀವು ಎದುರಿಗೆ ನೋಡಿಕೊಂಡು ಹೋದಿರಿ. ಬಿಡಿ.